ಪ್ರದರ್ಶನದ ಹೂವು, ಅಂಗಳದ ಗಿಡ

ಹೂವನ್ನು ಕಂಡು ಹಿಗ್ಗದ ಮನಸ್ಸಿಲ್ಲ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹರಿದು ಬರುವ ಜನಸಾಗರವೇ ಇದಕ್ಕೆ ಸಾಕ್ಷಿ. ಗುಲಾಬಿಯ ಮುಂದೆ ನಿಂತವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಇದು ಯಾವ ಹೊಸ ತಳಿ? ಇದರ ಗಿಡ ಎಲ್ಲಿ ದೊರೆಯುತ್ತದೆ? ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಈ ಗಿಡವು ಎಂತಹ ಮಣ್ಣಿನಲ್ಲಿ, ಎಷ್ಟು ಮಳೆ-ಬಿಸಿಲುಗಳಲ್ಲಿ ನಿಂತು ಬಂದಿದೆ? ಪ್ರದರ್ಶನವು ನಮಗೆ ಹೂವನ್ನು ತೋರಿಸುತ್ತದೆಯೇ ಹೊರತು ಗಿಡದ ಬಾಳನ್ನು ತೋರಿಸುವುದಿಲ್ಲ. ಗುಲಾಬಿಯ ಇತಿಹಾಸವನ್ನು ಅವಲೋಕಿಸಿದರೆ ಈ ಮಾತಿನ ಸತ್ಯ ಮನವರಿಕೆಯಾಗುತ್ತದೆ.

ಹೊಸ ತಳಿಯೆಂಬುದು ಒಂದು ದಿನದಲ್ಲಿ ಹುಟ್ಟುವುದಿಲ್ಲ. ತಾಯಿಗಿಡದ ಹೂವು ಪೂರ್ಣ ಅರಳುವ ಮೊದಲೇ ಅದರ ಕೇಸರಗಳನ್ನು ಕಿತ್ತು, ಆಯ್ದ ಮತ್ತೊಂದು ಗುಲಾಬಿಯ ಪರಾಗವನ್ನು ಲೇಪಿಸಿ, ಹೊರಗಿನ ಪರಾಗ ಸೋಕದಂತೆ ಮುಚ್ಚಿಡುತ್ತಾರೆ. ಕಾಯಿ ಕಟ್ಟಿ, ಹಣ್ಣಾಗಿ, ಬೀಜ ಮೊಳೆತಾಗ ಒಂದೊಂದು ಸಸಿಯದೂ ಒಂದೊಂದು ರೂಪ. ಸಾವಿರಾರು ಸಸಿಗಳಲ್ಲಿ ಬೆರಳೆಣಿಕೆಯವನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತೆಸೆಯುತ್ತಾರೆ. ಉಳಿದವುಗಳ ಕಣ್ಣನ್ನು ಬೇರೆ ಬುಡಕ್ಕೆ ಕಸಿ ಮಾಡಿ ಹಲವು ವರ್ಷ ಪರೀಕ್ಷಿಸುತ್ತಾರೆ. ಹೀಗೆ ಒಂದು ತಳಿ ಹೊರಬರಲು ಎಂಟು-ಹತ್ತು ವರ್ಷಗಳೇ ಸಂದುಹೋಗುತ್ತವೆ.

ಈ ವಿದ್ಯೆಯ ತವರುಗಳಲ್ಲೊಂದು ಫ್ರಾನ್ಸ್ ದೇಶದ ಲಿಯೋನ್ ನಗರ. ಇಂದು ನಾವು ಕಾಣುವ ‘ಹೈಬ್ರಿಡ್ ಟೀ’ ವರ್ಗದ ಗುಲಾಬಿಗಳಿಗೆ ಮೊದಲನೆಯದೆಂದು ಮಾನ್ಯವಾದ ‘ಲಾ ಫ್ರಾನ್ಸ್’ ತಳಿಯನ್ನು 1867ರಲ್ಲಿ ಹೊರತಂದ ಗಿಯೋ ಅವರು ಲಿಯೋನಿನವರೇ. ಆದರೆ ಆ ವರ್ಗದಲ್ಲಿ ಅಚ್ಚ ಹಳದಿ ಬಣ್ಣವಿರಲಿಲ್ಲ. ಆ ಕೊರತೆಯನ್ನು ನೀಗಿಸಲು ಅದೇ ನಗರದ ಜೋಸೆಫ್ ಪೆರ್ನೆ-ದ್ಯೂಶೆ ಅವರು ಪರ್ಷಿಯಾ ಮೂಲದ ಹಳದಿ ಗುಲಾಬಿಯೊಡನೆ ಸಂಕರಣ ಮಾಡುತ್ತ ವರ್ಷಗಟ್ಟಲೆ ದುಡಿದರು. 1900ರಲ್ಲಿ ‘ಸೊಲೇ ದೋರ್’, ಅಂದರೆ ಚಿನ್ನದ ಸೂರ್ಯ, ಎಂಬ ತಳಿ ಬೆಳಕು ಕಂಡಿತು. ಇಂದಿನ ಹಳದಿ, ಕಿತ್ತಳೆ ಗುಲಾಬಿಗಳಲ್ಲಿ ಬಹುಪಾಲು ಆ ವಂಶದವೇ ಆಗಿವೆ.

ಆದರೆ ಆ ಬಣ್ಣದ ಬೆನ್ನಿಗೇ ಮತ್ತೊಂದು ಗುಣವೂ ಬಂದಿತು. ಪರ್ಷಿಯಾದ ಆ ಗುಲಾಬಿಯು ಎಲೆಯ ಕಪ್ಪುಚುಕ್ಕೆ ರೋಗಕ್ಕೆ ಬಹುಬೇಗ ತುತ್ತಾಗುವಂಥದು. ಅದರ ಸಂತತಿಗೂ ಈ ದೌರ್ಬಲ್ಯ ಬಳುವಳಿಯಾಗಿ ಇಳಿಯಿತು. ಹೂದಾನಿಯಲ್ಲಿ ಹೊಂಬಣ್ಣ ಕಂಡು ಮರುಳಾದವರ ತೋಟದಲ್ಲಿ ಎಲೆಗಳು ಚುಕ್ಕೆಗೊಂಡು ಉದುರತೊಡಗಿದವು. ಹೂವನ್ನು ನೋಡಿದ ಕಣ್ಣು ಎಲೆಯನ್ನು ನೋಡಿರಲಿಲ್ಲ.

ಆ ಮಹಾನುಭಾವರ ಬಾಳಿನ ದುಃಖವನ್ನೂ ಇಲ್ಲಿ ಸ್ಮರಿಸಬೇಕು. ತಮ್ಮ ಕಾಯಕವನ್ನು ಮುಂದುವರಿಸಬೇಕಾಗಿದ್ದ ಇಬ್ಬರು ಗಂಡುಮಕ್ಕಳನ್ನೂ ಅವರು ಮೊದಲನೆಯ ಮಹಾಯುದ್ಧದಲ್ಲಿ ಕಳೆದುಕೊಂಡರು. ತರುವಾಯ ಹೊರತಂದ ಎರಡು ಗುಲಾಬಿಗಳಿಗೆ ಆ ಮಕ್ಕಳ ಹೆಸರನ್ನೇ ಇಟ್ಟರು. 1920ರ ಹಳದಿ ಹೂವು ಕ್ಲೋಡಿಯಸ್‌ನ ನೆನಪು. ಅದರ ಮರುವರ್ಷದ್ದು ಜಾರ್ಜ್‌ನ ನೆನಪು. ತಂದೆಯೊಬ್ಬನು ಮಕ್ಕಳಿಗೆ ಕಟ್ಟಿಸಬಹುದಾದ ಸ್ಮಾರಕ ಇದಕ್ಕಿಂತ ಕೋಮಲವಾಗಿರಲಾರದು.

ಹೂವನ್ನಷ್ಟೇ ನೋಡಿ ತೀರ್ಪು ಕೊಡುವುದು ಸಾಲದೆಂಬ ಅರಿವು ತಿಳಿದವರಿಗೆ ಆಗಲೇ ಇತ್ತು. ಪ್ಯಾರಿಸ್ಸಿನ ಬಗಾತೆಲ್ ಉದ್ಯಾನದಲ್ಲಿ 1907ರಿಂದ ಹೊಸ ಗುಲಾಬಿಗಳ ಅಂತರರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು. ಅಲ್ಲಿ ಕತ್ತರಿಸಿ ತಂದ ಹೂವಿಗೆ ಬಹುಮಾನವಿಲ್ಲ. ನೆಲದಲ್ಲಿ ನೆಟ್ಟ ಗಿಡವೇ ಪರೀಕ್ಷೆಗೆ ನಿಲ್ಲಬೇಕು. ಒಂದು ದಿನದ ಚೆಲುವಲ್ಲ, ಋತುಗಳನ್ನು ದಾಟಿ ಉಳಿಯುವ ಗುಣ ಅಲ್ಲಿನ ಅಳತೆಗೋಲು.

ಲಿಯೋನಿನ ಸಮೀಪದಲ್ಲೇ ಇದ್ದ ಫ್ರಾನ್ಸಿಸ್ ಮೇಯಾಂ ಎಂಬ ತರುಣ 1935ರಲ್ಲಿ ಮಾಡಿದ ಸಂಕರಣದಿಂದ ಹುಟ್ಟಿದ ಸಸಿಯೊಂದರ ಕಥೆ ಲೋಕಪ್ರಸಿದ್ಧ. ನಸುಹಳದಿ ಎಸಳು, ಅಂಚಿಗೆ ಗುಲಾಬಿ ಛಾಯೆ, ದಪ್ಪನಾದ ಹೊಳೆಯುವ ಎಲೆ. ಎರಡನೆಯ ಮಹಾಯುದ್ಧದ ಬೆಂಕಿ ಹೊತ್ತುವ ವೇಳೆಗೆ ಅದರ ಕಸಿಕಣ್ಣುಗಳು ಜರ್ಮನಿ, ಇಟಲಿ ಹಾಗೂ ಅಮೆರಿಕಗಳನ್ನು ಸೇರಿದ್ದವು. ಯುದ್ಧದಿಂದ ಸಂಪರ್ಕ ಕಡಿದುಹೋಗಿ ಒಂದೇ ಗಿಡಕ್ಕೆ ಅನೇಕ ಹೆಸರುಗಳಾದವು. ಫ್ರಾನ್ಸಿನಲ್ಲಿ ಮೇಯಾಂ ತಮ್ಮ ತಾಯಿಯ ಹೆಸರಿಟ್ಟರು. ಜರ್ಮನಿಯಲ್ಲಿ ಅದು ‘ದೇವರ ಮಹಿಮೆ’, ಇಟಲಿಯಲ್ಲಿ ‘ಆನಂದ’. ಅಮೆರಿಕದಲ್ಲಿ ವರ್ಷಗಳ ಪರೀಕ್ಷೆಯ ನಂತರ, 1945ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ಪಸಡೀನಾ ನಗರದ ಗುಲಾಬಿ ಪ್ರದರ್ಶನದಲ್ಲಿ ಅದಕ್ಕೆ ‘ಪೀಸ್’, ಅಂದರೆ ಶಾಂತಿ, ಎಂಬ ಹೆಸರಿಟ್ಟರು. ಯುರೋಪಿನ ಯುದ್ಧ ಮುಗಿಯಲು ಹತ್ತು ದಿನವೂ ಉಳಿದಿರಲಿಲ್ಲ. ಅದೇ ವೇಳೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸ್ಥಾಪನೆಗಾಗಿ ಸೇರಿದ್ದ ರಾಷ್ಟ್ರನಿಯೋಗಗಳ ಮುಖ್ಯಸ್ಥರಿಗೆ ಈ ಹೂವು ಶಾಂತಿಯ ಸಂದೇಶದೊಡನೆ ತಲುಪಿತು. ಪ್ರದರ್ಶನದಲ್ಲಿ ಅದಕ್ಕೆ ದೊರೆತದ್ದು ಹೆಸರು ಮಾತ್ರ. ಯೋಗ್ಯತೆ ಅದಕ್ಕೂ ಹತ್ತು ವರ್ಷ ಮೊದಲಿನಿಂದ ಮಣ್ಣಿನಲ್ಲಿ ಸಿದ್ಧವಾಗುತ್ತಿತ್ತು.

ಕಣ್ಣಿನ ತೀರ್ಪು ಮರೆತ ಇನ್ನೊಂದು ಗುಣವೆಂದರೆ ಪರಿಮಳ. ಆಕಾರಕ್ಕೂ ಬಣ್ಣಕ್ಕೂ ಅಂಕ ಸಿಗುವಲ್ಲಿ ಕಂಪು ಹಿಂದೆ ಬಿದ್ದು, ನೋಡಲು ಸೊಗಸಾಗಿದ್ದು ಮೂಸಿದರೆ ಏನೂ ಇಲ್ಲದ ಗುಲಾಬಿಗಳು ಹೆಚ್ಚಿದವು. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಅವರು ಹಳೆಯ ಗುಲಾಬಿಗಳ ಸುಗಂಧವನ್ನೂ ತುಂಬು ದಳಗಳನ್ನೂ ಹೊಸ ತಳಿಗಳ ಪದೇ ಪದೇ ಅರಳುವ ಗುಣದೊಡನೆ ಕೂಡಿಸಲು ಸಂಕಲ್ಪಿಸಿದರು. 1961ರಲ್ಲಿ ಬಂದ ಅವರ ಮೊದಲ ತಳಿ ವರ್ಷಕ್ಕೊಮ್ಮೆ ಮಾತ್ರ ಅರಳುತ್ತಿತ್ತು. ಇಪ್ಪತ್ತೆರಡು ವರ್ಷಗಳ ಬಳಿಕ, 1983ರಲ್ಲಿ, ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ ‘ಗ್ರಹಾಂ ಥಾಮಸ್’ ಎಂಬ ಪರಿಮಳಯುಕ್ತ ಹಳದಿ ಗುಲಾಬಿ ಜನರ ಮುಂದೆ ಬಂದಾಗ ಅವರ ಶ್ರಮಕ್ಕೆ ಮನ್ನಣೆ ದೊರೆಯಿತು.

ನಮ್ಮ ನಾಡಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ತಂಪು ದೇಶದಲ್ಲಿ ಪದಕ ಪಡೆದ ಗಿಡ ನಮ್ಮ ಬಿಸಿಲಿಗೂ ಮುಂಗಾರಿನ ತೇವಕ್ಕೂ ಒಗ್ಗಲೇಬೇಕೆಂಬ ನಿಯಮವಿಲ್ಲ. ಗೋಧಿಯ ರೋಗನಿರೋಧಕ ತಳಿಗಳಿಗಾಗಿ ಹೆಸರಾದ ಡಾ. ಬಿ. ಪಿ. ಪಾಲ್ ಅವರು ಭಾರತದ ಹವೆಗೆ ಒಗ್ಗುವ ಗುಲಾಬಿಗಳನ್ನು ರೂಪಿಸಲು ಜೀವಮಾನವೆಲ್ಲ ಶ್ರಮಿಸಿದ್ದು ಈ ಕಾರಣಕ್ಕಾಗಿಯೇ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದಲೂ ‘ಅರ್ಕಾ ಪರಿಮಳ’, ‘ಅರ್ಕಾ ಸವಿ’ ಮೊದಲಾದ ಗುಲಾಬಿ ತಳಿಗಳು ಬಂದಿವೆ.

ಆದುದರಿಂದ ಗಿಡ ಕೊಳ್ಳುವ ತಾಯಂದಿರೂ ಬಂಧುಗಳೂ ಹೂವಿನ ಮುಂದೆ ಒಂದು ಕ್ಷಣ ನಿಂತು, ಬಳಿಕ ಎಲೆಯ ಕೆಳಭಾಗವನ್ನು ನೋಡಬೇಕು, ಹೂವನ್ನು ಮೂಸಬೇಕು, ಕಸಿ ಮಾಡಿದ ಗಂಟು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು, ನಮ್ಮ ಊರಿನ ಮಳೆಗಾಲವನ್ನು ಅದು ಕಂಡಿದೆಯೇ ಎಂದು ಕೇಳಬೇಕು. ನೆಟ್ಟ ಮೇಲೆ ಕಸಿಯ ಗಂಟಿನ ಕೆಳಗಿನಿಂದ ಹೊಮ್ಮುವ ಚಿಗುರನ್ನು ಆಗಾಗ ಕಿತ್ತುಹಾಕಬೇಕು. ಇಲ್ಲವಾದರೆ ಬುಡದ ಕಾಡುಗುಲಾಬಿಯೇ ಬೆಳೆದು, ಆಸೆಪಟ್ಟು ತಂದ ತಳಿ ಸೊರಗಿಹೋಗುತ್ತದೆ.

ಮನುಷ್ಯರನ್ನು ಅಳೆಯುವಲ್ಲಿಯೂ ಮಾತು ಇದೇ ಅಲ್ಲವೇ? ಸಭೆಯಲ್ಲಿ ಮೆರೆದ ಒಂದು ದಿನವನ್ನು ನೋಡಿ ಹೊಗಳುವುದು ಸುಲಭ. ಮಳೆ-ಬಿಸಿಲುಗಳ ನಡುವೆ ವರ್ಷಾನುವರ್ಷ ಹೇಗೆ ನಿಂತರೆಂಬುದನ್ನು ಕಂಡು ಗೌರವಿಸುವುದು ವಿವೇಕ.