ಕಲ್ಲಿನ ಅಕ್ಷರಕ್ಕೆ ಯಾವ ಕ್ಯಾಮೆರಾ? ಹಳೆಯ ಡಿಎಸ್‌ಎಲ್‌ಆರ್, ಹೊಸ ಸೂಪರ್‌ಜೂಮ್ ಮತ್ತು ನಮ್ಮ ಶಾಸನಗಳು

ಶಾಸನಗಳಲ್ಲಿ ಆಸಕ್ತಿಯುಳ್ಳ ತರುಣರು ಈಚೆಗೆ ಹೆಚ್ಚಾಗಿ ಕೇಳುತ್ತಿರುವ ಪ್ರಶ್ನೆ ಲಿಪಿಗೆ ಸಂಬಂಧಿಸಿದ್ದಲ್ಲ, ಕಾಲನಿರ್ಣಯಕ್ಕೆ ಸಂಬಂಧಿಸಿದ್ದೂ ಅಲ್ಲ; ಅದು ಕ್ಯಾಮೆರಾದ ಪ್ರಶ್ನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಿಡುವಿನ ದಿನಗಳಂದು ಅಲೆದು ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳನ್ನು ದಾಖಲಿಸುವ ಉತ್ಸಾಹಿಗಳು ಈಗ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು, ಸಣ್ಣ ನೌಕರರು, ವಿದ್ಯಾರ್ಥಿಗಳು. ಅವರ ಹಣ ಒಂದೇ ಸಾಧನಕ್ಕೆ ಸಾಕಾಗುವಷ್ಟು. ಹತ್ತು ಹದಿನೈದು ವರ್ಷ ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ಎರಡನೆಯ ಕೈಯಿಂದ ಕೊಳ್ಳಬೇಕೇ, ಅಥವಾ ಬೆಟ್ಟದ ತುದಿಯನ್ನು ಅಂಗೈಗೆ ತಂದುಕೊಡುವ ಹೊಸ ಸೂಪರ್‌ಜೂಮ್ ಬ್ರಿಡ್ಜ್ ಕ್ಯಾಮೆರಾವನ್ನು ಕೊಳ್ಳಬೇಕೇ ಎಂಬುದು ಅವರ ಸಂದೇಹ. ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಆದರೆ ಶಾಸನದ ಮಟ್ಟಿಗೆ ಇದು ಪ್ರಮಾಣದ ಪ್ರಶ್ನೆ, ಅಂದರೆ ನಾವು ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬ ಪ್ರಶ್ನೆ.

ಇದರ ಗಾಂಭೀರ್ಯ ತಿಳಿಯಲು ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಗೆ ಹೋದರೆ ಸಾಕು. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅದು ಮೂರೇ ಸಾಲಿನದು. 1929ರಲ್ಲಿ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಓದಿ, ಮಯೂರಶರ್ಮನು ಮಾಡಿಸಿದ ಕೆರೆಯ ಪ್ರಸ್ತಾಪದ ಜತೆಗೆ ತ್ರೇಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಪುನ್ನಾಟ, ಮೌಖರಿ ಮೊದಲಾದ ಹೆಸರುಗಳನ್ನು ಗುರುತಿಸಿದರು. ಅನಂತರದ ವಿದ್ವಾಂಸರು ಆ ಪಾಠದ ಹಲವು ಭಾಗಗಳನ್ನು ಒಪ್ಪಲಿಲ್ಲ. ಒಬ್ಬ ಅರಸನ ದಿಗ್ವಿಜಯ ನಡೆಯಿತೋ ಇಲ್ಲವೋ ಎಂಬುದು ಸವೆದ ಬಂಡೆಯ ಮೇಲಿನ ಕೆಲವು ಗೀರುಗಳನ್ನು ಹೇಗೆ ಕಾಣುತ್ತೇವೆ ಎಂಬುದರ ಮೇಲೆ ನಿಂತಿದೆ. ಇದೇ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ನಾಲ್ಕಾರು ಅಕ್ಷರಗಳನ್ನು ಕಲ್ಲಿನ ಒರಟೆಂದು ಕಡೆಗಣಿಸಿದ್ದರೆ, ವಾಯವ್ಯ ಭಾರತದ ಲಿಪಿಯನ್ನು ಬಲ್ಲವನೊಬ್ಬನ ಕೈ ಈ ನೆಲದಲ್ಲಿ ಆಡಿತ್ತೆಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಹೀಗಿರುವಾಗ ಶಾಸನದ ಛಾಯಾಚಿತ್ರ ಅಂದವಾಗಿದೆಯೇ ಎಂದು ಕೇಳುವುದು ವ್ಯರ್ಥ. ಗೀರು ಯಾವುದು, ಬಿರುಕು ಯಾವುದು ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆಯೇ ಎಂಬುದೊಂದೇ ಕೇಳತಕ್ಕ ಮಾತು.

ಹೋಲಿಕೆಗಾಗಿ ಎರಡು ಕ್ಯಾಮೆರಾಗಳನ್ನು ತೆಗೆದುಕೊಳ್ಳೋಣ. ಒಂದು 2008ರಲ್ಲಿ ಬಂದ ನಿಕಾನ್ ಡಿ90, ಅದರೊಡನೆ ಸಾಮಾನ್ಯವಾಗಿ ದೊರೆಯುವ 18-105 ಮಿಲಿಮೀಟರ್ ಲೆನ್ಸ್. ಇನ್ನೊಂದು 2020ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ950. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೊಂದು ಕಿಲೋಗ್ರಾಂ. ಹಳೆಯದರಲ್ಲಿ 12.3 ಮೆಗಾಪಿಕ್ಸೆಲ್, ಹೊಸದರಲ್ಲಿ 16. ಹೊಸದರ ಜೂಮ್ 83 ಪಟ್ಟು. ಈ ಅಂಕಿಗಳನ್ನಷ್ಟೇ ನೋಡಿದವರು ಹೊಸದನ್ನೇ ಆರಿಸುತ್ತಾರೆ. ಆದರೆ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿತವಾಗದ ಅಂಕಿಯೊಂದಿದೆ. ಅದು ಬೆಳಕು ಬೀಳುವ ಸೆನ್ಸರಿನ ವಿಸ್ತೀರ್ಣ. ಡಿ90ರ ಸೆನ್ಸರ್ ಸುಮಾರು 23.6 ಮಿಲಿಮೀಟರ್ ಅಗಲ, 15.8 ಮಿಲಿಮೀಟರ್ ಎತ್ತರ. ಪಿ950ರದು ಸುಮಾರು 6.2 ಮತ್ತು 4.6 ಮಿಲಿಮೀಟರ್. ವಿಸ್ತೀರ್ಣದಲ್ಲಿ ಹಳೆಯದು ಹೊಸದರ ಹದಿಮೂರರಷ್ಟು. ಆ ಪುಟ್ಟ ಗದ್ದೆಯಲ್ಲಿ ಇನ್ನೂ ಹೆಚ್ಚು ಪಿಕ್ಸೆಲ್ಲುಗಳನ್ನು ನೆಟ್ಟಿರುವುದರಿಂದ ಒಂದೊಂದರ ಪಾಲಿಗೆ ಬರುವ ಬೆಳಕು ಬಹಳ ಕಡಿಮೆ.

ಹೊಸ ಕ್ಯಾಮೆರಾದ ಗುಣವನ್ನು ಮೊದಲು ಹೇಳುವುದು ನ್ಯಾಯ. ಐವತ್ತು ಮೀಟರ್ ದೂರದ ಬಂಡೆಯ ಮೇಲಿನ ಕೆತ್ತನೆಯನ್ನು ಡಿ90ರ 105 ಮಿಲಿಮೀಟರ್ ತುದಿಯಿಂದ ಹಿಡಿದರೆ ಒಂದು ಪಿಕ್ಸೆಲ್ಲು ಕಲ್ಲಿನ ಮೇಲೆ ಸುಮಾರು 2.6 ಮಿಲಿಮೀಟರನ್ನು ಆವರಿಸುತ್ತದೆ. ಅದಕ್ಕಿಂತ ಸಣ್ಣದೇನೂ ಅದರಲ್ಲಿ ಕಾಣದು. ಪಿ950 ತನ್ನ ಜೂಮಿನ ತುದಿಯಲ್ಲಿ, ಬೆಳಕಿನ ಅಲೆಗಳು ಹರಡಿಕೊಳ್ಳುವ ಸಹಜ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಅದೇ ದೂರದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಬಲ್ಲದು. ಚಿತ್ರದುರ್ಗದ ಕೋಟೆಯ ಬತೇರಿಗಳ ಗಾರೆಯನ್ನೋ, ಏಣಿ ತಲುಪದ ಶಿಖರದ ಕೀರ್ತಿಮುಖವನ್ನೋ, ವಾಣಿವಿಲಾಸ ಸಾಗರದ ಹಿನ್ನೀರಿನ ಹಕ್ಕಿಗಳನ್ನೋ ಹಿಡಿಯಲು ಅದಕ್ಕೆ ಸಾಟಿಯಾಗಬೇಕಾದರೆ ಹಳೆಯ ಡಿಎಸ್‌ಎಲ್‌ಆರ್‌ಗೆ ಕ್ಯಾಮೆರಾಗಿಂತ ದುಬಾರಿಯಾದ ಲೆನ್ಸ್ ಬೇಕು. ದೂರದರ್ಶಿ ಕ್ಯಾಮೆರಾಕ್ಕೆ ಅಹಿಂಸೆಯ ಒಂದು ಮುಖವೂ ಉಂಟು. ಹೆಜ್ಜೇನು ಕಟ್ಟಿದ ಬಂಡೆಯ ಚಾಚಿಗೆ ಹತ್ತಬೇಕಾಗಿಲ್ಲ, ಗೂಡಿನ ಹಕ್ಕಿಯನ್ನು ಎಬ್ಬಿಸಬೇಕಾಗಿಲ್ಲ, ಪೂಜೆಗೊಳ್ಳುವ ಬಿಂಬದ ಪೀಠವನ್ನು ಕಾಲಿನಿಂದ ಸೋಕಬೇಕಾಗಿಲ್ಲ. ಇದನ್ನು ಸಣ್ಣ ಗುಣವೆಂದು ನಾನು ಎಣಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಸೀಮೆಯ ಬಂಡೆಗಳು ಹತ್ತು ಗಂಟೆಯ ಹೊತ್ತಿಗೇ ಕಾಯುತ್ತವೆ. ಕಾದ ಗಾಳಿ ನಡುಗುತ್ತದೆ. ಆ ನಡುಕದ ಮೂಲಕ ಎಷ್ಟು ಜೂಮ್ ಮಾಡಿದರೂ ಸಿಗುವುದು ನೀರಿನಲ್ಲಿ ಕಂಡಂಥ ಚಿತ್ರವೇ. ದೂರದ ಚಿತ್ರಕ್ಕೆ ಬೆಳಗಿನ ಹೊತ್ತೇ ಸರಿ.

ಆದರೆ ನಮ್ಮ ಶಾಸನಗಳಲ್ಲಿ ಎಷ್ಟು ಐವತ್ತು ಮೀಟರ್ ದೂರದಲ್ಲಿವೆ? ಕೆರೆ ಏರಿಯ ಮೇಲೆ, ಊರ ಮುಂದಿನ ಗುಡಿಯ ಗೋಡೆಗೆ ಒರಗಿ, ಹೊಲದ ಬದುವಿನಲ್ಲಿ ಅರ್ಧ ಹೂತು, ಬಸದಿಯ ನವರಂಗದ ಕಂಬದಲ್ಲಿ, ಹೀಗೆ ಅವು ಕೈಗೆಟಕುವ ದೂರದಲ್ಲಿಯೇ ಇರುತ್ತವೆ. ಒಂದು ಮೀಟರ್ ಅಗಲದ ಶಿಲಾಫಲಕವನ್ನು ಚೌಕಟ್ಟು ತುಂಬುವಂತೆ ಹಿಡಿದರೆ ಎರಡೂ ಕ್ಯಾಮೆರಾಗಳಲ್ಲಿ ಒಂದು ಪಿಕ್ಸೆಲ್ಲಿನ ಪಾಲಿಗೆ ಬರುವುದು ಮಿಲಿಮೀಟರಿನ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಲ್ಲಿ 83 ಪಟ್ಟು ಜೂಮ್ ನಿರುಪಯುಕ್ತ. ಮುಂದಿನ ಎಲ್ಲವನ್ನೂ ನಿರ್ಣಯಿಸುವುದು ಬೆಳಕು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಕಪ್ಪು ಕಲ್ಲಿನ ಕಟ್ಟಡ. ಇಂಥ ಬಸದಿಯ ಒಳಗೆ ಹಗಲಿನಲ್ಲೂ ಮಬ್ಬು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದಲ್ಲಿ ಮುಖಮಂಟಪದ ಒಳಛಾವಣಿಯ ಮೇಲೆ ಹಳೆಯ ವರ್ಣಚಿತ್ರಗಳಿವೆ. ಅಲ್ಲಿಯೂ ನೆರಳಿನ ಬೆಳಕೇ. ಇಂಥ ಕಡೆ ಪುಟ್ಟ ಸೆನ್ಸರಿನ ಕ್ಯಾಮೆರಾ ಬೆಳಕಿನ ಕೊರತೆಯನ್ನು ವಿದ್ಯುತ್ತಿನಿಂದ ಹಿಗ್ಗಿಸುತ್ತದೆ. ಅದರೊಡನೆ ಚಿತ್ರದಲ್ಲಿ ಕಾಳುಕಾಳಾದ ಗದ್ದಲವೂ ಹಿಗ್ಗುತ್ತದೆ. ಆ ಗದ್ದಲವನ್ನು ಅಡಗಿಸಲು ಅದರ ಒಳಗಿನ ಗಣಕವು ಚಿತ್ರವನ್ನು ನಯಗೊಳಿಸುತ್ತದೆ, ಆಮೇಲೆ ಅಂಚುಗಳನ್ನು ಹರಿತಗೊಳಿಸುತ್ತದೆ. ಮದುವೆಯ ಚಿತ್ರಕ್ಕೆ ಇದರಿಂದ ಹಾನಿಯಿಲ್ಲ. ಶಾಸನಕ್ಕೆ ಇದು ಅಪಾಯ. ಎರಡು ಮಿಲಿಮೀಟರ್ ಆಳವೂ ಉಳಿಯದ ಅಕ್ಷರದ ಗೆರೆ ಮತ್ತು ಕಲ್ಲಿನ ಸಹಜ ತರಿ ಗಾತ್ರದಲ್ಲಿ ಒಂದೇ ಬಗೆಯವು. ಯಂತ್ರವು ತರಿಯನ್ನು ಅಳಿಸುವಾಗ ಗೆರೆಯನ್ನೂ ಅಳಿಸಬಹುದು. ಹರಿತಗೊಳಿಸುವಾಗ ಬಿರುಕನ್ನು ಗೆರೆಯಾಗಿ ತಿದ್ದಬಹುದು. ಒಂದು ಸೊನ್ನೆ ಹೋದರೆ ಪದ ಬದಲಾಗುತ್ತದೆ. ಶಕವರ್ಷದ ಒಂದು ಅಂಕಿ ಹೋದರೆ ಶತಮಾನವೇ ಬದಲಾಗುತ್ತದೆ.

ಇದಕ್ಕೆ ಪಿ950ರ ಪರವಾಗಿ ಒಂದು ಉತ್ತರವಿದೆ. ಅದರಲ್ಲಿ ರಾ ಕಡತವನ್ನು ಉಳಿಸಿಕೊಳ್ಳಬಹುದು. ಯಂತ್ರ ತಿದ್ದುವ ಮೊದಲಿನ ಬೆಳಕಿನ ಲೆಕ್ಕ ಅದರಲ್ಲಿರುತ್ತದೆ. ಅದಕ್ಕೂ ಹಿಂದಿನ ಪಿ900ರಲ್ಲಿ ಆ ಸೌಕರ್ಯ ಇರಲಿಲ್ಲ. ಎರಡನೆಯ ಕೈಯಿಂದ ಸೂಪರ್‌ಜೂಮ್ ಕೊಳ್ಳುವವರು ಇದನ್ನು ಮರೆಯಬಾರದು. ಪುಟ್ಟ ಸೆನ್ಸರಿನಲ್ಲಿ ಹತ್ತಿರದ ಮತ್ತು ದೂರದ ಭಾಗಗಳೆರಡೂ ಸ್ಪಷ್ಟವಾಗಿ ಬರುವುದು ಸುಲಭ ಎಂಬುದೂ ಸರಿಯೇ. ಬಾಗಿದ ಬಂಡೆಗೆ ಅದು ಅನುಕೂಲ. ಇದೆಲ್ಲವನ್ನೂ ಒಪ್ಪಿದ ಮೇಲೂ, ಟ್ರೈಪಾಡಿನ ಮೇಲೆ ನಿಂತು, ಐಎಸ್‌ಒ 200ರಲ್ಲಿ, ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ, ಕೆಲವು ಸೆಕೆಂಡುಗಳ ಕಾಲ ಬೆಳಕುಂಡ ಹಳೆಯ ದೊಡ್ಡ ಸೆನ್ಸರ್ ಕೊಡುವ ನೆರಳಿನ ಸೂಕ್ಷ್ಮ ಮೆಟ್ಟಿಲುಗಳು ಹೊಸದರಿಂದ ಸಿಗವು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಚಿತವಾಗಿ ಅನುಮತಿ ಪಡೆಯಬೇಕಾದ ಶ್ರಮ ಇದ್ದೇ ಇದೆ.

ಇದಕ್ಕಿಂತ ಮುಖ್ಯವಾದದ್ದು ಬೆಳಕಿನ ದಿಕ್ಕು. ಎದುರಿನಿಂದ ಬೆಳಕು ಬಿದ್ದ ಶಾಸನ ಮೂಕವಾಗಿರುತ್ತದೆ. ಬದಿಯಿಂದ, ಕಲ್ಲಿನ ಮೈಗೆ ತಾಗಿಕೊಂಡೇ ಹರಿಯುವ ಬೆಳಕು ಮಾತ್ರ ಗೀರಿನ ಒಂದು ದಡವನ್ನು ಬೆಳಗಿ ಇನ್ನೊಂದನ್ನು ಕಪ್ಪಾಗಿಸುತ್ತದೆ. ಆದರೆ ಬೆಳಕು ಎಡದಿಂದ ಬಂದರೆ ಅಡ್ಡಗೆರೆಗಳು ಮಾಯವಾಗುತ್ತವೆ, ಮೇಲಿನಿಂದ ಬಂದರೆ ಉದ್ದಗೆರೆಗಳು ಮಾಯವಾಗುತ್ತವೆ. ಆದ್ದರಿಂದ ಒಂದೇ ಶಾಸನಕ್ಕೆ ಕನಿಷ್ಠ ಎರಡು, ಸಾಧ್ಯವಾದರೆ ಎಂಟು ಹತ್ತು ದಿಕ್ಕುಗಳಿಂದ ಬೆಳಕು ಹಾಯಿಸಿ ಚಿತ್ರ ತೆಗೆಯಬೇಕು. ಕ್ಯಾಮೆರಾದಿಂದ ಬೇರ್ಪಟ್ಟ ಒಂದು ಫ್ಲ್ಯಾಶ್ ಇದಕ್ಕೆ ಸಾಕು. ಡಿ90 ತನ್ನದೇ ಸಣ್ಣ ಫ್ಲ್ಯಾಶಿನ ಸಂಕೇತದಿಂದ ದೂರದ ಫ್ಲ್ಯಾಶನ್ನು ತಂತಿಯಿಲ್ಲದೆ ಬೆಳಗಿಸಬಲ್ಲದು. ಪಿ950ರ ತಲೆಯ ಮೇಲೂ ಫ್ಲ್ಯಾಶ್ ಕೂರಿಸುವ ಜಾಗವಿದೆ. ಪಿ900ರಲ್ಲಿ ಅದೂ ಇಲ್ಲ. ಇನ್ನು ಜೇಬಿನ ಮೊಬೈಲು ನೆರಳನ್ನು ತಾನಾಗಿಯೇ ತುಂಬಿ ಎಲ್ಲವನ್ನೂ ಸಮನಾಗಿ ಬೆಳಗಿಸಲು ಯತ್ನಿಸುತ್ತದೆ. ಶಾಸನವನ್ನು ಓದಿಸುವುದೇ ನೆರಳು. ಅದನ್ನು ತುಂಬಿದರೆ ಉಳಿಯುವುದೇನು? ಸೀಮೆಸುಣ್ಣ ತುಂಬಿ, ಹಿಟ್ಟು ಬಳಿದು ಅಕ್ಷರ ಎಬ್ಬಿಸುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಅದು ಕಲ್ಲಿಗೂ ಹಾನಿ, ಪಾಠಕ್ಕೂ ಹಾನಿ, ಏಕೆಂದರೆ ಬಳಿದವನು ತಾನು ಊಹಿಸಿದ ಅಕ್ಷರವನ್ನೇ ಬಳಿದಿರುತ್ತಾನೆ. ಬೆಳಕನ್ನು ಸರಿಯಾಗಿ ಹಾಯಿಸಿದರೆ ಅದರ ಅಗತ್ಯವೇ ಇಲ್ಲ.

ಬಾಳಿಕೆಯ ಮಾತೂ ಇದೆ. ಈ ನಾಲ್ಕು ತಾಲ್ಲೂಕುಗಳ ಬೇಸಿಗೆಯ ದೂಳನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಿಲ್ಲ. ಬ್ರಿಡ್ಜ್ ಕ್ಯಾಮೆರಾದ ಲೆನ್ಸ್ ದೇಹಕ್ಕೆ ಅಂಟಿಕೊಂಡದ್ದು; ಒಳಗೆ ದೂಳು ಸೇರಿದರೆ, ಜೂಮಿನ ಯಂತ್ರ ನಿಂತರೆ, ಇಡೀ ಕ್ಯಾಮೆರಾ ನಿಂತಂತೆ. ಡಿಎಸ್‌ಎಲ್‌ಆರ್ ದೇಹ ಸತ್ತರೂ ಲೆನ್ಸ್ ಉಳಿಯುತ್ತದೆ, ಮತ್ತೊಂದು ದೇಹಕ್ಕೆ ಹೊಂದುತ್ತದೆ. ನಿಕಾನ್ 1959ರಲ್ಲಿ ತಂದ ಲೆನ್ಸಿನ ಬಾಯಿಕಟ್ಟೇ ಡಿ90ರಲ್ಲೂ ಇದೆ. ಲೆನ್ಸ್ ಬದಲಿಸುವಾಗ ಸೆನ್ಸರಿನ ಮೇಲೆ ದೂಳಿನ ಕಣ ಕೂರುವುದು ಡಿಎಸ್‌ಎಲ್‌ಆರ್‌ನ ದೋಷ. ಅದು ಚಿತ್ರದಲ್ಲಿ ಸೊನ್ನೆಯಂತೆ ಕಾಣಬಹುದು. ಆದರೆ ಎಲ್ಲ ಚಿತ್ರಗಳಲ್ಲೂ ಅದೇ ಸ್ಥಾನದಲ್ಲಿ ಬರುವುದರಿಂದ ಸಿಕ್ಕಿಬೀಳುತ್ತದೆ. ಹೊಸ ತಯಾರಿಕೆ ಕನ್ನಡಿಯಿಲ್ಲದ ಕ್ಯಾಮೆರಾಗಳ ಕಡೆ ತಿರುಗಿರುವುದರಿಂದ ಹಳೆಯದರ ಬಿಡಿಭಾಗಗಳು ಮುಂದೆ ವಿರಳವಾಗುತ್ತವೆ ಎಂಬುದನ್ನೂ ಮುಚ್ಚಿಡಬಾರದು.

ನನ್ನ ಅಭಿಪ್ರಾಯ ಹೀಗೆ: ಹಕ್ಕಿಗೆ, ಶಿಖರಕ್ಕೆ, ಕೋಟೆಯ ದೂರದ ಗೋಡೆಗೆ ಸೂಪರ್‌ಜೂಮ್ ಒಳ್ಳೆಯದು, ಶಾಸನಕ್ಕೆ, ಬಸದಿಯ ಒಳಾಂಗಣಕ್ಕೆ, ವರ್ಣಚಿತ್ರಕ್ಕೆ ಹಳೆಯ ಡಿಎಸ್‌ಎಲ್‌ಆರ್ ಒಳ್ಳೆಯದು. ಒಂದನ್ನೇ ಕೊಳ್ಳಬಲ್ಲ ಶಾಸನಾಸಕ್ತರು ಹಳೆಯದನ್ನು ಕೊಂಡು, ಉಳಿದ ಹಣದಲ್ಲಿ ಟ್ರೈಪಾಡ್, ಫ್ಲ್ಯಾಶ್, ಅಳತೆಪಟ್ಟಿ ಮತ್ತು ಬಣ್ಣದ ತಾಳೆಗೆ ಒಂದು ಬೂದುಬಣ್ಣದ ರಟ್ಟನ್ನು ಕೊಳ್ಳಲಿ. ಇದನ್ನು ಅನೇಕಾಂತದ ಹೆಸರಿನಲ್ಲಿ ಎರಡಕ್ಕೂ ಸಮನಾಗಿ ಹಂಚಿದ ಹೊಗಳಿಕೆಯೆಂದು ಯಾರೂ ತಿಳಿಯಬಾರದು. ಅನೇಕಾಂತವು ಯಾವ ನಯದಿಂದ ಯಾವುದು ಸತ್ಯ ಎಂದು ಖಚಿತವಾಗಿ ಹೇಳಲು ನಮ್ಮನ್ನು ಒತ್ತಾಯಿಸುತ್ತದೆ. ತೀರ್ಮಾನದಿಂದ ತಪ್ಪಿಸಿಕೊಳ್ಳಲು ಎಡೆಗೊಡುವುದಿಲ್ಲ.

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳುತ್ತದೆ. ಮೊದಲು ಏನೋ ಒಂದು ಕಾಣುತ್ತದೆ, ಅದೇನೆಂದು ತಿಳಿಯುವ ಬಯಕೆ ಹುಟ್ಟುತ್ತದೆ, ಪರಿಶೀಲನೆಯಿಂದ ನಿಶ್ಚಯವಾಗುತ್ತದೆ, ಕೊನೆಗೆ ಅದು ನೆನಪಿನಲ್ಲಿ ನಿಲ್ಲುತ್ತದೆ. ಕ್ಯಾಮೆರಾ ನೆರವಾಗುವುದು ಅವಗ್ರಹಕ್ಕೆ ಮಾತ್ರ. ಅಲ್ಲಿಯೇ ಯಂತ್ರವು ತನ್ನ ನಿಶ್ಚಯವನ್ನು ಬೆರೆಸಿಬಿಟ್ಟರೆ ಮುಂದಿನ ಹಂತಗಳಿಗೆ ಎಡೆಯೇ ಇರುವುದಿಲ್ಲ. ಧಾರಣೆಯಂತೂ ಪೂರ್ತಿ ನಮ್ಮ ಹೊಣೆ: ಊರು, ಕಲ್ಲು ಇರುವ ಜಾಗ, ದಿನಾಂಕ, ಬೆಳಕಿನ ದಿಕ್ಕು, ಅಳತೆ ಇವನ್ನು ಬರೆದಿಟ್ಟು, ಮೂಲ ಕಡತಗಳನ್ನು ಎರಡು ಮೂರು ಕಡೆ ಕಾಪಿಟ್ಟು, ಕೇಳಿದವರಿಗೆ ಕೊಡಬೇಕು. ಬಿ. ಎಲ್. ರೈಸ್ ಅವರ ಕಾಲದಲ್ಲಿ ಜಿಲ್ಲೆಯ ಶಾಸನಗಳೆಲ್ಲ ಎಪಿಗ್ರಾಫಿಯ ಕರ್ನಾಟಿಕದ ಒಂದು ಸಂಪುಟದಲ್ಲಿ ಅಚ್ಚಾದವು. ಆಗ ಅಚ್ಚಾದ ಪಾಠವನ್ನು ಇಂದು ಕಲ್ಲಿನೊಡನೆ ತಾಳೆ ನೋಡಬೇಕಾದರೆ ಕಲ್ಲು ಇರಬೇಕು. ರಸ್ತೆ ಅಗಲವಾಗುತ್ತಿದೆ, ಬಂಡೆಗಳು ಜಲ್ಲಿಯಾಗುತ್ತಿವೆ, ನಿಧಿಯ ಆಸೆಗೆ ವೀರಗಲ್ಲುಗಳು ಬುಡಮೇಲಾಗುತ್ತಿವೆ, ಭಕ್ತಿಯಿಂದಲೇ ಬಳಿದ ಎಣ್ಣೆಬಣ್ಣದ ಅಡಿಯಲ್ಲಿ ಅಕ್ಷರಗಳು ಹೂತುಹೋಗುತ್ತಿವೆ. ಕಲ್ಲು ಇಲ್ಲವಾದ ದಿನ ನಮ್ಮ ಚಿತ್ರವೇ ಏಕೈಕ ಪ್ರಮಾಣವಾಗುತ್ತದೆ. ಹೊಸ ಕ್ಯಾಮೆರಾಕ್ಕೆ ಹಣ ಕೂಡಿಬರಲಿ ಎಂದು ಎರಡು ವರ್ಷ ಕಾಯುವುದಕ್ಕಿಂತ, ಇಂದು ಸಿಗುವ ಹಳೆಯದನ್ನು ಹಿಡಿದು ಈ ಚಳಿಗಾಲದ ಓರೆ ಬಿಸಿಲಿನಲ್ಲಿಯೇ ತಮ್ಮ ಊರಿನ ಕಲ್ಲಿನ ಮುಂದೆ ಕೂರುವಂತೆ ತರುಣರಲ್ಲಿ ನನ್ನ ವಿನಂತಿ.