ಕಿಟಕಿ ಇದ್ದರೂ ಬೆಳಕಿಲ್ಲದ ಮನೆ: ನಗರ ಬೆಳೆದರೂ ಟಿಬಿ ಏಕೆ ಹೋಗುತ್ತಿಲ್ಲ?

ಮನೆಯಲ್ಲಿ ಒಬ್ಬರಿಗೆ ಟಿಬಿ ಎಂದು ಗೊತ್ತಾದ ಕೂಡಲೇ ನಾವು ಮಾಡುವ ಮೊದಲ ಕೆಲಸ ತಟ್ಟೆ, ಲೋಟ ಬೇರೆ ಇಡುವುದು. ಅದರಿಂದ ಏನೂ ಉಪಯೋಗವಿಲ್ಲ. ಟಿಬಿ ಪಾತ್ರೆಯಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ ಹೊರಬೀಳುವ ಅತಿಸಣ್ಣ ಹನಿಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಗಾಳಿ ಬೀಸಿದರೆ ಅವು ಚದುರಿಹೋಗುತ್ತವೆ, ಬಿಸಿಲು ರೋಗಾಣುವನ್ನು ಕೊಲ್ಲುತ್ತದೆ. ಆದರೆ ಇವೆರಡೂ ಬಾರದ ಮನೆಗಳನ್ನೇ ನಾವು ಸಾಲುಸಾಲಾಗಿ ಕಟ್ಟಿದ್ದೇವೆ.

ಮುಂಬೈಯಲ್ಲಿರುವವರು ಗೋವಂಡಿ, ಮಾನಖುರ್ದ್ ಕಡೆಯ ಪುನರ್ವಸತಿ ಕಟ್ಟಡಗಳನ್ನು ನೋಡಿರುತ್ತೀರಿ. ರಸ್ತೆ, ರೈಲು ಯೋಜನೆಗಳಿಗಾಗಿ ಜೋಪಡಿಗಳಿಂದ ಎತ್ತಂಗಡಿಯಾದ ಕುಟುಂಬಗಳಿಗೆ ಅಲ್ಲಿ 225 ಚದರಡಿಯ ಮನೆ ಸಿಕ್ಕಿತು. ಪಕ್ಕಾ ಮನೆ, ನಲ್ಲಿ ನೀರು, ಸ್ವಂತ ಶೌಚಾಲಯ. ಕಾಗದದ ಮೇಲೆ ಇದು ಸುಧಾರಣೆಯೇ. ಆದರೆ ಜಾಗ ಉಳಿಸಲು ಬಹುಮಹಡಿ ಕಟ್ಟಡಗಳನ್ನು ಒಂದಕ್ಕೊಂದು ಸುಮಾರು 3 ಮೀಟರ್ ಅಂತರದಲ್ಲಿ ನಿಲ್ಲಿಸಿದರು. ಕೆಳಗಿನ ಮಹಡಿಗಳಲ್ಲಿ ಹಗಲಲ್ಲೂ ಲೈಟ್ ಹಾಕಬೇಕು. ಕಿಟಕಿ ತೆರೆದರೆ ಎದುರು ಮನೆಯ ಗೋಡೆ, ಕೆಳಗೆ ಕಸ. ಹಾಗಾಗಿ ಕಿಟಕಿ ಮುಚ್ಚಿಯೇ ಇರುತ್ತದೆ.

2018ರಲ್ಲಿ ಹೊರಬಂದ 'ಡಾಕ್ಟರ್ಸ್ ಫಾರ್ ಯು' ಸಂಸ್ಥೆಯ ಅಧ್ಯಯನ ಇಲ್ಲಿನ ಮೂರು ಕಾಲೊನಿಗಳನ್ನು ಹೋಲಿಸಿತು. ಲಲ್ಲುಭಾಯಿ ಮತ್ತು ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ಕಟ್ಟಡಗಳು ಒತ್ತೊತ್ತಾಗಿವೆ; ಪಿಎಂಜಿಪಿ ಕಾಲೊನಿಯಲ್ಲಿ ನಡುವೆ ಜಾಗವಿದೆ. ಮೊದಲ ಎರಡರಲ್ಲಿ ಟಿಬಿ ಪ್ರಕರಣಗಳು ಮೂರನೆಯದಕ್ಕಿಂತ ಬಹಳ ಹೆಚ್ಚಿದ್ದವು. ಬಡತನ ಮೂರೂ ಕಡೆ ಇದೆ. ದೊಡ್ಡ ವ್ಯತ್ಯಾಸವೆಂದರೆ ಗಾಳಿ, ಬೆಳಕು.

ಇದು ಯಾರಿಗೂ ತಿಳಿಯದ ವಿಚಾರವಾಗಿರಲಿಲ್ಲ. 1896ರಲ್ಲಿ ಪ್ಲೇಗ್ ಬಂದಾಗ ಇದೇ ನಗರ ಇಕ್ಕಟ್ಟಿನ ಕೇರಿಗಳನ್ನು ದೂರಿತ್ತು. 1898ರಲ್ಲಿ 'ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್' ಸ್ಥಾಪಿಸಿ ಗಾಳಿ-ಬೆಳಕಿನ ನಿಯಮಗಳ ಮಾತಾಡಿತ್ತು. ನೂರು ವರ್ಷದ ಮೇಲೆ, ಬಡವರ ಮನೆ ಎಂದಾಗ ಅಂತರದ ನಿಯಮವನ್ನೇ ಸಡಿಲಿಸಲಾಯಿತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಮಾತ್ರೆ ಹಂಚಿದಷ್ಟೇ ಗಮನ ಮನೆಯ ನಕ್ಷೆಯ ಮೇಲೂ ಇರಬೇಕಿತ್ತು.

ಕಟ್ಟಡವನ್ನು ನೀವು ಬದಲಿಸಲಾರಿರಿ. ಆದರೆ ರೋಗಿಯನ್ನು ಮನೆಯ ಒಳಮೂಲೆಯಲ್ಲಿ ಮಲಗಿಸಬೇಡಿ, ಕಿಟಕಿಯ ಹತ್ತಿರ ಮಲಗಿಸಿ. ಟೇಬಲ್ ಫ್ಯಾನ್ ಇದ್ದರೆ ಗಾಳಿ ರೋಗಿಯ ಕಡೆಯಿಂದ ಕಿಟಕಿಯಾಚೆಗೆ ಹೋಗುವಂತೆ ತಿರುಗಿಸಿ. ಅಕ್ಕಪಕ್ಕದವರಿಗೆ ಗೊತ್ತಾದೀತೆಂದು ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಆ ಸಂಕೋಚದ ಬೆಲೆ ತೆರುವವರು ಒಳಗಿರುವ ಮಕ್ಕಳು. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಅಪಾಯ ಬಹಳಷ್ಟು ಇಳಿಯುತ್ತದೆ. ಅಲ್ಲಿಯವರೆಗೆ ರೋಗಿ ಮಾಸ್ಕ್ ಹಾಕಲಿ. ಮನೆಯ ಉಳಿದವರೆಲ್ಲ ತಪಾಸಣೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಬೇಕೇ ಬೇಕು. ಕಾಯಿಲೆ ಇಲ್ಲವೆಂದು ಖಚಿತವಾದರೆ, ಮುಂದೆ ಬಾರದಂತೆ ತಡೆಯುವ ಮಾತ್ರೆಗಳನ್ನು ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಕೇಳಿ ಪಡೆಯಿರಿ.

ಇನ್ನೊಂದು ಮಾತು, ಊರು ಬಿಟ್ಟು ಬಂದ ನಮ್ಮಂಥವರಿಗೆ. ಇಲ್ಲಿ ನೋಡಿಕೊಳ್ಳುವವರಿಲ್ಲ ಎಂದು ರೋಗಿಯನ್ನು ಕಲಬುರಗಿಗೋ ವಿಜಯಪುರಕ್ಕೋ ಕಳಿಸುವುದುಂಟು. ಒಳ್ಳೆಯ ಗಾಳಿ, ಮನೆ ಊಟ, ಎಲ್ಲ ಸರಿ. ಆದರೆ ಸಾಮಾನ್ಯ ಟಿಬಿಗೂ 6 ತಿಂಗಳು ಔಷಧ ಬೇಕು. ಪ್ರಯಾಣದ ಗಡಿಬಿಡಿಯಲ್ಲಿ ಅದು ತಪ್ಪಿದರೆ ಔಷಧಕ್ಕೆ ಬಗ್ಗದ ಟಿಬಿಯಾಗಿ ಮರಳಬಹುದು. ಹೊರಡುವ ಮುನ್ನ ಚಿಕಿತ್ಸಾ ಕೇಂದ್ರಕ್ಕೆ ಹೋಗಿ 'ನಿಕ್ಷಯ್' ಸಂಖ್ಯೆ ಬರೆಸಿಕೊಳ್ಳಿ, ಊರಿನ ಹತ್ತಿರದ ಆರೋಗ್ಯ ಕೇಂದ್ರದ ಹೆಸರು ಹೇಳಿ ವರ್ಗಾವಣೆ ಮಾಡಿಸಿ. ಆ ಸಂಖ್ಯೆ ದೇಶದ ಎಲ್ಲ ಕಡೆ ನಡೆಯುತ್ತದೆ. ಪೋಷಣೆಗೆಂದು ತಿಂಗಳಿಗೆ ಸಿಗುವ 1000 ರೂಪಾಯಿಯೂ ಅದೇ ಸಂಖ್ಯೆಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ. ದಾರಿಗೆ ಬೇಕಾಗುವಷ್ಟು ಮಾತ್ರೆ ಕೈಯಲ್ಲಿದೆಯೇ ಎಂದು ರೈಲು ಹತ್ತುವ ಮುನ್ನ ಎಣಿಸಿ ನೋಡಿ.