ಕುಕ್ಕರ್ ಯಾರಿಗೆ ಬಂತು ಸರ್?

"ಪೇಜ್ ಫಾಲೋ ಮಾಡಿ, ಪೋಸ್ಟ್ ಲೈಕ್ ಮಾಡಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ಸ್ಟೋರಿಗೆ ಹಾಕಿ. ಒಬ್ಬ ಅದೃಷ್ಟಶಾಲಿಗೆ ಮಿಕ್ಸಿ ಉಚಿತ!"

ದಸರಾ ಹತ್ತಿರ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮೊಬೈಲುಗಳಲ್ಲಿ ಇದೇ ಮಂತ್ರ. ದೀಪಾವಳಿ ಮುಗಿಯುವವರೆಗೂ ನಿಲ್ಲುವುದಿಲ್ಲ. ಬಟ್ಟೆ ಅಂಗಡಿ, ಬೇಕರಿ, ಹೋಂಸ್ಟೇ, ಮೊಬೈಲ್ ಅಂಗಡಿ ಎಲ್ಲರೂ ಗಿವ್‌ಅವೇ ಮಾಡುವವರೇ. ಅದನ್ನು ನಡೆಸಿಕೊಡುವ ಏಜೆಂಟರು ಯಾರು ಗೊತ್ತೇ? ಸ್ಥಳೀಯ ಸುದ್ದಿ ಪೇಜುಗಳು. ಅಂದರೆ ನಾವೇ. ಪತ್ರಿಕೋದ್ಯಮ ಓದಿ, ಪತ್ರಿಕೆಯಿಂದ ಬರುವ ಗೌರವಧನ ಬೈಕಿನ ಪೆಟ್ರೋಲಿಗೂ ಸಾಲದೆ, ಪಕ್ಕದಲ್ಲೊಂದು ಪೇಜ್ ತೆರೆದುಕೊಂಡ ನಾವು.

ಬೇರೆಯವರನ್ನು ಬಯ್ಯುವ ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಪೇಜಿನಲ್ಲಿ ಎರಡು ಸಾವಿರ ಚಿಲ್ಲರೆ ಫಾಲೋವರ್‌ಗಳಿದ್ದರು. ಮೂರು ತಾಲ್ಲೂಕಿನ ಸುದ್ದಿ, ಮಳೆ, ಕರೆಂಟು, ಅಡಿಕೆ ದರ ಹಾಕುತ್ತಿದ್ದೆ. ಗೃಹೋಪಯೋಗಿ ವಸ್ತುಗಳ ಅಂಗಡಿಯವರೊಬ್ಬರು ಬಂದು, "ಕುಕ್ಕರ್ ನಾವು ಕೊಡ್ತೀವಿ, ಪೇಜ್ ನಿಮ್ಮದು, ಇಬ್ಬರಿಗೂ ಫಾಲೋವರ್ ಬರ್ತಾರೆ" ಎಂದರು. ಒಪ್ಪಿದೆ. ಒಂಬತ್ತೇ ದಿನದಲ್ಲಿ ಪೇಜ್ ಆರು ಸಾವಿರ ದಾಟಿತು. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಖುಷಿಗೆ.

ಡ್ರಾ ಮಾತ್ರ ಆಗಲಿಲ್ಲ. ಕೇಳಿದಾಗೆಲ್ಲ ಅಂಗಡಿಯವರು "ಹಬ್ಬದ ರಶ್ ಮುಗೀಲಿ, ನಾವೇ ನೋಡ್ಕೊಳ್ತೀವಿ" ಎನ್ನುತ್ತಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನಾನೂ ಸುಮ್ಮನಾದೆ. ಪೋಸ್ಟ್ ಕೆಳಗೆ ಹೋಯಿತು, ಜನ ಮರೆತರು ಅಂದುಕೊಂಡೆ. ಎರಡು ತಿಂಗಳಾದ ಮೇಲೆ ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಗುರುತು ಹಿಡಿದು ಕೇಳಿದರು: "ಕುಕ್ಕರ್ ಯಾರಿಗೆ ಬಂತು ಸರ್?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಕುತೂಹಲ. ನನ್ನ ಬಳಿ ಉತ್ತರ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಸೀಮೆಯಲ್ಲೇ ಹುಟ್ಟಿ ಬೆಳೆದ ನಾನು ಅವತ್ತು ಸರಿಯಾಗಿ ಕಲಿತೆ.

ಈಗ ವಾದಕ್ಕೆ ಬರೋಣ. ಗಿವ್‌ಅವೇಯಿಂದ ಬರುವವರು ಗಿರಾಕಿಗಳಲ್ಲ, ಓದುಗರೂ ಅಲ್ಲ. ಅವರು ಕುಕ್ಕರಿನ ಫಾಲೋವರ್‌ಗಳು. ಕುಕ್ಕರ್ ಮುಗಿದ ದಿನ ಅವರ ಕೆಲಸವೂ ಮುಗಿಯಿತು. ಸಂಖ್ಯೆ ಮಾತ್ರ ಪೇಜಿನ ಹಣೆಯ ಮೇಲೆ ಉಳಿಯುತ್ತದೆ. 2011ರ ಜನಗಣತಿಯಂತೆ ಶೃಂಗೇರಿ ಇಡೀ ತಾಲ್ಲೂಕಿನ ಜನಸಂಖ್ಯೆ 40 ಸಾವಿರ ಮುಟ್ಟುವುದಿಲ್ಲ. ಅದರಲ್ಲಿ ತೊಟ್ಟಿಲ ಕೂಸುಗಳೂ ಇದ್ದಾರೆ, ಮೊಬೈಲ್ ಮುಟ್ಟದ ಅಜ್ಜಂದಿರೂ ಇದ್ದಾರೆ. ಇಂಥ ಊರಿನ ಸೀರೆ ಅಂಗಡಿಯ ಪೇಜಿಗೆ 50 ಸಾವಿರ ಫಾಲೋವರ್ ಇದ್ದಾರೆಂದರೆ, ಅವರಲ್ಲಿ ಎಷ್ಟು ಜನ ಆ ಅಂಗಡಿಯ ಮೆಟ್ಟಿಲು ಹತ್ತುವವರು? ದೂರದ ಊರುಗಳಲ್ಲಿ ಕುಳಿತು ದಿನಕ್ಕೆ ನಲವತ್ತು ಗಿವ್‌ಅವೇಗೆ ಹೆಸರು ಕೊಡುವವರು ಶೃಂಗೇರಿಗೆ ಬಂದು ಸೀರೆ ಕೊಳ್ಳುತ್ತಾರೆಯೇ?

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ನೋಡುವವರು ಪೋಸ್ಟಿಗೆ ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಲೆಕ್ಕ ಹಾಕಿಯೇ ಈ ಜಾಲತಾಣಗಳು ಅದನ್ನು ಯಾರಿಗೆ, ಎಷ್ಟು ತೋರಿಸಬೇಕೆಂದು ತೀರ್ಮಾನಿಸುವುದು. ಕುಕ್ಕರಿಗೆ ಬಂದವರು ನಿಮ್ಮ ಸುದ್ದಿಯನ್ನು ಬೆರಳಲ್ಲಿ ತಳ್ಳಿ ಮುಂದೆ ಹೋದರೆ, ನಿಜವಾಗಿ ಬೇಕಾದವರಿಗೂ ಅದು ಕಾಣದೆ ಹೋಗಬಹುದು. ಮರುವರ್ಷದ ಮಳೆಗಾಲದಲ್ಲಿ ಕೊಪ್ಪ–ಶೃಂಗೇರಿ ರಸ್ತೆಗೆ ಮರ ಬಿದ್ದು ಸಂಚಾರ ನಿಂತಾಗ ಬೆಳಗ್ಗೆಯೇ ಪೋಸ್ಟ್ ಹಾಕಿದ್ದೆ. ಆರು ಸಾವಿರದ ಪೇಜಿನಲ್ಲಿ ಅದನ್ನು ನೋಡಿದವರು ಇನ್ನೂರು ಜನವೂ ಇಲ್ಲ. ಎರಡು ಸಾವಿರ ಇದ್ದಾಗ ಇಂಥ ಪೋಸ್ಟ್ ಸಾವಿರ ಜನರನ್ನು ಮುಟ್ಟುತ್ತಿತ್ತು. ಅದೇ ರಸ್ತೆಯಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಪರಿಚಿತರೊಬ್ಬರು ಅರ್ಧ ದಾರಿಯಿಂದ ವಾಪಸ್ಸು ಬಂದು ಸುತ್ತುಬಳಸಿ ಹೋಗಬೇಕಾಯಿತು. "ನಿಮ್ಮ ಪೇಜ್ ಫಾಲೋ ಮಾಡಿದ್ದೇನೆ ಮಾರಾಯ್ರೇ, ಏನೂ ಬರಲೇ ಇಲ್ಲ" ಎಂದರು. ಇದಕ್ಕೆ ಕುಕ್ಕರ್ ಒಂದೇ ಕಾರಣ ಎಂದು ಸಾಬೀತು ಮಾಡಲು ನನ್ನಿಂದಾಗದು. ಆದರೆ ನನ್ನ ಮನಸ್ಸಿಗೆ ಗೊತ್ತು.

ಬಹುಮಾನ ತೋರಿಸಿ ಮಂದಿ ಸೇರಿಸುವ ಈ ಚಾಳಿ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಪತ್ರಿಕೆಯವರಾದ ನಾವು ತಿಳಿದಿರಬೇಕಾದ ಕಥೆಯೊಂದು ಬೆಂಗಳೂರಿನಲ್ಲೇ ಇದೆ. 1950ರ ದಶಕದ ಆರಂಭದಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಹೆಸರಿನ ಪದಬಂಧ ಸ್ಪರ್ಧೆ. ಶುಲ್ಕ ಕಟ್ಟಿ ಉತ್ತರ ಕಳಿಸಿದರೆ ಬಹುಮಾನದ ಆಸೆ. ಪತ್ರಿಕೆ ಬಾಂಬೆ ರಾಜ್ಯದಲ್ಲೂ ಜೋರಾಗಿ ಹರಡಿತ್ತು. ಬಾಂಬೆ ಸರ್ಕಾರ ತೆರಿಗೆ ಹಾಕಲು ಹೊರಟಾಗ ಕಂಪನಿ ಕೋರ್ಟಿಗೆ ಹೋಯಿತು, ಇದು ನಮ್ಮ ವ್ಯಾಪಾರದ ಹಕ್ಕು ಎಂದಿತು. 1957ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇಂಥ ಸ್ಪರ್ಧೆ ಜೂಜಿನ ಸ್ವರೂಪದ್ದು, ಜೂಜಿಗೆ ವ್ಯಾಪಾರದ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದಿತು. ಅಷ್ಟರಲ್ಲಿ ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದು, ಇಂಥ ಪದಬಂಧಗಳಲ್ಲಿ ತಿಂಗಳಿಗೆ 1,000 ರೂಪಾಯಿ ಮೀರಿದ ಬಹುಮಾನವನ್ನು ನಿಷೇಧಿಸಿತ್ತು.

ನಮ್ಮ ಗಿವ್‌ಅವೇಯಲ್ಲಿ ಶುಲ್ಕ ಇಲ್ಲವಲ್ಲ ಎನ್ನುತ್ತೀರಿ. ಸರಿ, ಹಾಗಾಗಿ ಇದು ಲಾಟರಿ ಅಲ್ಲ ಎಂದೇ ಇಟ್ಟುಕೊಳ್ಳಿ. (ಲಾಟರಿಯನ್ನು ನಮ್ಮ ರಾಜ್ಯ 2007ರಲ್ಲೇ ನಿಷೇಧಿಸಿದೆ.) ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ತೆರೆದು ಓದಿ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಘೋಷಿಸುವುದು ಅನುಚಿತ ವ್ಯಾಪಾರ ಪದ್ಧತಿ. ಉಚಿತ ಬಹುಮಾನದ ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅನುಚಿತ ವ್ಯಾಪಾರ ಪದ್ಧತಿ. ಯೋಜನೆಯ ಜಾಹೀರಾತು ಬಂದ ಪತ್ರಿಕೆಯಲ್ಲೇ ಫಲಿತಾಂಶವನ್ನು ಎದ್ದು ಕಾಣುವಂತೆ ಪ್ರಕಟಿಸಿದರೆ ತಿಳಿಸಿದಂತೆ ಎಂಬ ವಿವರಣೆಯೂ ಅಲ್ಲಿದೆ. ಆ ಅಂಗನವಾಡಿ ಕಾರ್ಯಕರ್ತೆ ಕೇಳಿದ್ದು ಬರೀ ಕುತೂಹಲದ ಪ್ರಶ್ನೆಯಲ್ಲ, ಅವರ ಹಕ್ಕಿನ ಪ್ರಶ್ನೆ. ಅದು ಅವರಿಗೆ ಗೊತ್ತಿರಲಿಲ್ಲ. ಸುದ್ದಿಗಾರನಾದ ನನಗೂ ಗೊತ್ತಿರಲಿಲ್ಲ. ಯಾರಿಗೆ ನಾಚಿಕೆ?

ಜಾಲತಾಣಗಳ ನಿಯಮವೂ ನಮ್ಮ ಪರವಾಗಿಲ್ಲ. ಲೈಕ್ ಮಾಡಿದರೆ ಮಾತ್ರ ಬಹುಮಾನ ಎಂಬ ಷರತ್ತನ್ನು ಫೇಸ್‌ಬುಕ್ 2014ರಲ್ಲೇ ಕಿತ್ತುಹಾಕಿತು. ಗೆಳೆಯರನ್ನು ಟ್ಯಾಗ್ ಮಾಡಿ, ನಿಮ್ಮ ಟೈಮ್‌ಲೈನಿನಲ್ಲಿ ಹಂಚಿ ಎಂದು ಸ್ಪರ್ಧೆ ನಡೆಸುವಂತಿಲ್ಲ ಎಂದೂ ಅದರ ನಿಯಮ ಹೇಳುತ್ತದೆ. ಹಾಗೆ ಲೈಕು, ಟ್ಯಾಗು ಬೇಡುವ ಪೋಸ್ಟುಗಳನ್ನು ಕೆಳಕ್ಕೆ ತಳ್ಳುವುದಾಗಿ 2017ರ ಡಿಸೆಂಬರಿನಲ್ಲಿ ಅದೇ ಪ್ರಕಟಿಸಿತು. ಇನ್ನು ಅಂಗಡಿಯವರಿಂದ ದುಡ್ಡೋ ವಸ್ತುವೋ ಪಡೆದು ಹೊಗಳುವ ಪೇಜಿನವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಮ್ಮ ಮೂರು ತಾಲ್ಲೂಕಿನ ಎಷ್ಟು ಪೇಜುಗಳಲ್ಲಿ "ಇದು ಜಾಹೀರಾತು" ಎಂಬ ಎರಡು ಪದ ನೋಡಿದ್ದೀರಿ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. "ದೊಡ್ಡ ಕಂಪನಿಗಳಿಗೆ ಟಿವಿ ಇದೆ, ಸಿನಿಮಾ ನಟರಿದ್ದಾರೆ. ಜಯಪುರದ ಹಳ್ಳಿಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡುವ ಹೆಂಗಸರಿಗೆ ಏನಿದೆ? ಐನೂರು ರೂಪಾಯಿಯ ಗಿವ್‌ಅವೇ ಬಿಟ್ಟರೆ ಬೇರೆ ದಾರಿ ಯಾವುದು?" ಪ್ರಶ್ನೆ ನ್ಯಾಯವಾದದ್ದೇ. ಎಲೆಚುಕ್ಕಿ, ಹಳದಿ ಎಲೆ ರೋಗ ಬಂದು ತೋಟ ಸೋತ ಮನೆಗಳಲ್ಲಿ ಈ ಉಪ್ಪಿನಕಾಯಿ ಭರಣಿಯೇ ಈಗ ಆಸರೆ. ಅದಕ್ಕೇ ನನ್ನ ಸಿಟ್ಟು ಹೆಚ್ಚು. ಆ ಐನೂರು ರೂಪಾಯಿ ಅವರಿಗೆ ದೊಡ್ಡದು. ಅದು ಉಪ್ಪಿನಕಾಯಿ ತಿನ್ನುವವರನ್ನು ತರದೆ, ಬಿಟ್ಟಿ ಹುಡುಕುವವರನ್ನು ತಂದರೆ ಯಾರಿಗೆ ಲಾಭ?

ಅದೇ ಐನೂರನ್ನು ಬೇರೆ ರೀತಿ ಖರ್ಚು ಮಾಡಿ ನೋಡಿ. ಪ್ರತಿ ಬಾಟಲಿಯೊಳಗೆ ಒಂದು ಚೀಟಿ: ಮುಂದಿನ ಬಾಟಲಿಗೆ ಇಪ್ಪತ್ತು ರೂಪಾಯಿ ಕಡಿಮೆ. ಆ ಚೀಟಿ ಹಿಡಿದು ಬಂದವರು 25 ಜನ ಎಂದರೆ, ಖರ್ಚು ಐನೂರೇ, ಆದರೆ 25 ಬಾಟಲಿ ಮಾರಾಟವಾಗಿದೆ. ರುಚಿ ನೋಡಿ ಮತ್ತೆ ಬಂದವರು ಅವರು. ಕೂಪನ್ ಕೆಟ್ಟದ್ದಲ್ಲ. ಕೊಂಡವರಿಗೆ ಕೊಡುವ ಕೂಪನ್ ಕೃತಜ್ಞತೆ. ಫಾಲೋ ಮಾಡಿದವರಿಗೆ ಒಡ್ಡುವ ಬಹುಮಾನ ಗಾಳ. ಇಷ್ಟೇ ವ್ಯತ್ಯಾಸ.

ಗಾಳಕ್ಕೆ ಸಿಗುವುದು ಏನೆಂದೂ ಯೋಚಿಸಿ. ಟ್ಯಾಗ್ ಮಾಡಿಸಿಕೊಂಡ ಮೂವರು ಗೆಳೆಯರು ಯಾರನ್ನೂ ಏನೂ ಕೇಳಿರಲಿಲ್ಲ. ಫಾರ್ಮಿನಲ್ಲಿ ತುಂಬಿಸಿಕೊಂಡ ಫೋನ್ ನಂಬರ್ ಎಲ್ಲಿಗೆ ಹೋಯಿತು ಎಂದು ಯಾರೂ ಹೇಳುವುದಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ನಮ್ಮ ಆಸೆ, ನಾಳೆ "ನಿಮಗೆ ಬಹುಮಾನ ಬಂದಿದೆ, ಓಟಿಪಿ ಹೇಳಿ" ಎನ್ನುವವನಿಗೆ ಹದ ಮಾಡಿಟ್ಟ ನೆಲ. ನಾವು ಅದನ್ನು ಉತ್ತು ಕೊಡುತ್ತಿದ್ದೇವೆ. ಆಮೇಲೆ ಸೈಬರ್ ವಂಚನೆಯ ಸುದ್ದಿಯನ್ನೂ ನಾವೇ ಬರೆಯುತ್ತೇವೆ.

ನಮ್ಮ ಜೊತೆ ಓದಿದ ಗೆಳೆಯ ಗೆಳತಿಯರಿಗೆ ನನ್ನ ಮಾತು ಇಷ್ಟೇ. ಸುದ್ದಿ ಪೇಜಿನಲ್ಲಿ ಗಿವ್‌ಅವೇ ಬೇಡ. ಜಾಹೀರಾತು ತೆಗೆದುಕೊಳ್ಳಿ, ದುಡ್ಡು ಕೇಳಿ ಪಡೆಯಿರಿ, ಜಾಹೀರಾತು ಎಂದು ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಈಗಾಗಲೇ ಗಿವ್‌ಅವೇ ಮಾಡಿದ್ದರೆ ಡ್ರಾ ಮಾಡಿ, ಫಲಿತಾಂಶವನ್ನು ಅದೇ ಪೇಜಿನಲ್ಲಿ ಹಾಕಿ. ರಾಶಿ, ಬೆಟ್ಟೆ, ಗೊರಬಲಿನ ಇವತ್ತಿನ ದರ ಎಷ್ಟು, ಬಾಳೆಹೊನ್ನೂರಿನಲ್ಲಿ ಭದ್ರೆ ಎಷ್ಟು ಏರಿದೆ, ಕರೆಂಟು ಯಾವಾಗ ಬರುತ್ತದೆ ಎಂದು ಸರಿಯಾಗಿ ಹೇಳಿದರೆ ಜನ ಯಾರೂ ಕರೆಯದೆ ಬರುತ್ತಾರೆ. ನಿಧಾನವಾಗಿ ಬರುತ್ತಾರೆ, ಆದರೆ ಉಳಿಯುತ್ತಾರೆ.

ಓದುಗರಿಗೂ ಒಂದು ಮಾತು. ಬಹುಮಾನ ಘೋಷಿಸಿ ಫಲಿತಾಂಶ ಹೇಳದವರನ್ನು ಸುಮ್ಮನೆ ಬಿಡಬೇಡಿ. ಪೋಸ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಮೊದಲು ಪೇಜಿನವರನ್ನೇ ಕೇಳಿ, ಎಲ್ಲರೆದುರು ಕೇಳಿ.

ನನ್ನ ಕುಕ್ಕರಿನ ಕಥೆ ಮುಗಿಸಬೇಕಲ್ಲ. ಕಳೆದ ತಿಂಗಳು ಹಳೆಯ ಪೋಸ್ಟನ್ನು ಮೇಲೆ ತಂದು, ಡ್ರಾ ಆಗಲೇ ಇಲ್ಲ, ತಪ್ಪು ನನ್ನದು ಎಂದು ಬರೆದೆ. ಕಾಮೆಂಟ್ ಮಾಡಿದ್ದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಲೈವ್‌ನಲ್ಲಿ ಅಕ್ಕಪಕ್ಕದ ಮನೆಯ ಮಗುವಿನಿಂದ ಒಂದನ್ನು ಎತ್ತಿಸಿದೆ. ಕುಕ್ಕರ್ ನಾನೇ ಕೊಂಡು ಕಳಿಸಿದೆ. ಮರುದಿನ ಮುನ್ನೂರು ಚಿಲ್ಲರೆ ಜನ ಅನ್‌ಫಾಲೋ ಮಾಡಿದರು. ಹೋಗಲಿ. ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿ ಇನ್ನು ಮುಂದೆ ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಒಂದು ಉತ್ತರವಿದೆ.